ಬಿಸಿಲುನಾಡಿನ ಕಾವಲು ನಾಯಿ

ದೊಡ್ಡ ಮೈಕಟ್ಟಿನ ಕಾವಲು ನಾಯಿಯ ಮುಖ್ಯ ಗುಣ ತಾಳ್ಮೆ. ಅಪರಿಚಿತರು ಅಂಗಳಕ್ಕೆ ಕಾಲಿಟ್ಟಾಗ ಅದು ಮೊದಲು ಎದ್ದು ನಿಲ್ಲುತ್ತದೆ, ನೋಡುತ್ತದೆ, ಗಟ್ಟಿಯಾಗಿ ಬೊಗಳುತ್ತದೆ, ಬಂದವರಿಗೂ ಮನೆಯವರಿಗೂ ನಡುವೆ ಹೋಗಿ ನಿಲ್ಲುತ್ತದೆ. ಇಷ್ಟಕ್ಕೇ ಹೆಚ್ಚಿನ ಅಪಾಯಗಳು ಹಿಂದೆ ಸರಿಯುತ್ತವೆ. ಕಚ್ಚುವುದು ಅದರ ಕೊನೆಯ ಉಪಾಯ. ಕಂಡಕಂಡವರಿಗೆ ಬಾಯಿ ಹಾಕುವ ನಾಯಿ ಬಹುಪಾಲು ಹೆದರಿದ ನಾಯಿಯೇ ಆಗಿರುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ತಾಲ್ಲೂಕುಗಳಲ್ಲಿ, ರೈಲು ಜಂಕ್ಷನ್ನೂ ಸಿಮೆಂಟು ಕಾರ್ಖಾನೆಯೂ ಇರುವ ವಾಡಿಯಲ್ಲಿ ಇಂಥ ನಾಯಿಗೆ ಕೈತುಂಬ ಕೆಲಸವಿದೆ: ಕುರಿ ಹಿಂಡು ಕಾಯಬೇಕು, ಹೊಲ ಮತ್ತು ತಾಂಡಾ ಕಾಯಬೇಕು, ಊರೊಳಗಿನ ಮನೆ, ಅಂಗಡಿ, ಕಲ್ಲುಗಣಿಯ ಸಾಮಾನು ಕಾಯಬೇಕು. ಈ ಎಲ್ಲ ಕೆಲಸಕ್ಕೂ ಒಂದೇ ತಳಿ ಒಗ್ಗುವುದಿಲ್ಲ. ಆದರೆ ಎಲ್ಲ ತಳಿಗಳಿಗೂ ಇಲ್ಲಿ ಎದುರಾಗುವ ಕಷ್ಟ ಒಂದೇ, ಈ ಸೀಮೆಯ ಬಿಸಿಲು.

ಇವುಗಳಲ್ಲಿ ಅತಿ ಹಳೆಯ ಕೆಲಸ ಕುರಿ ಕಾಯುವುದು. ಜೋಳ, ತೊಗರಿಯ ರಾಶಿ ಮುಗಿದ ಮೇಲೆ ಕುರಿಗಾರರು ಹಿಂಡಿನೊಂದಿಗೆ ಊರೂರು ದಾಟುತ್ತಾರೆ. ರಾತ್ರಿ ಹಿಕ್ಕೆ ಗೊಬ್ಬರಕ್ಕಾಗಿ ರೈತರ ಹೊಲದಲ್ಲೇ ಕುರಿ ಕೂಡಿಸುವುದು ಹಳೆಯ ರೂಢಿ. ಬಲೆಯ ಬೇಲಿಯ ಒಳಗೆ ಕುರಿ, ಹೊರಗೆ ಕಂಬಳಿ ಹೊದ್ದ ಕುರಿಗಾರ, ಸುತ್ತ ನಾಯಿಗಳು. ಚಿಂಚೋಳಿಯ ಕಾಡು ವನ್ಯಜೀವಿಧಾಮವೆಂದು ಘೋಷಣೆಯಾಗಿದೆ. ಅಲ್ಲಿ ತೋಳವಿದೆ, ಕತ್ತೆಕಿರುಬವಿದೆ. ತೋಳ ಹಿಂಡಿನ ಮೇಲೆ ಬೀಳುವುದು ಹೆಚ್ಚಾಗಿ ಮುಸ್ಸಂಜೆಗೆ, ಇಲ್ಲವೇ ಬೆಳಗಿನ ಜಾವಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಾದ್ದರಿಂದ ಅದನ್ನು ಕೊಲ್ಲುವಂತಿಲ್ಲ, ಕೊಲ್ಲಲೂಬಾರದು. ಕುರಿಯೂ ಉಳಿಯಬೇಕು, ತೋಳವೂ ಉಳಿಯಬೇಕು ಎಂದರೆ ನಡುವೆ ನಿಲ್ಲಲು ನಾಯಿಗಿಂತ ಒಳ್ಳೆಯ ಉಪಾಯ ಯಾರಿಗೂ ಇನ್ನೂ ಸಿಕ್ಕಿಲ್ಲ.

ಈ ಕುರಿಗಾರರ ನಾಯಿಗೆ ತಳಿಯ ಹೆಸರಿಲ್ಲ, ವಂಶಾವಳಿಯ ಕಾಗದವಿಲ್ಲ. ಗಟ್ಟಿಮುಟ್ಟಾದ ನಾಡನಾಯಿಯ ರಕ್ತವೇ ಹೆಚ್ಚು, ಕೆಲವುಗಳಲ್ಲಿ ಕಾರವಾನಿಯ, ಅಂದರೆ ಮುಧೋಳ ನಾಯಿಯ, ಬೆರಕೆ. ಹಿಂಡು ಕಾಯುವ ನಾಯಿಗಳನ್ನು ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ 1970ರ ದಶಕದ ಕೊನೆಯಿಂದ ವರ್ಷಗಟ್ಟಲೆ ಅಭ್ಯಾಸ ಮಾಡಿದ ರೇಮಂಡ್ ಮತ್ತು ಲೋರ್ನಾ ಕಾಪಿಂಗರ್ ದಂಪತಿ ಇಂಥ ನಾಯಿಯಲ್ಲಿ ಮೂರು ಗುಣ ಇರಬೇಕೆಂದು ಗುರುತಿಸಿದರು. ಅದು ಹಿಂಡಿನ ಮೇಲೆ ಗಮನ ಇಟ್ಟಿರಬೇಕು, ಕುರಿಗೆ ತಾನೇ ಕೇಡು ಮಾಡದಂತೆ ನಂಬಿಕೆಗೆ ಅರ್ಹವಾಗಿರಬೇಕು, ಹೊಸದೇನಾದರೂ ಕಂಡರೆ ಎದುರು ನಿಲ್ಲಬೇಕು. ಮೊದಲ ಎರಡು ಇಲ್ಲದೆ ಮೂರನೆಯದು ಬಂದರೆ ಅದು ಕಾವಲು ನಾಯಿ ಆಗುವುದಿಲ್ಲ. ಮರಿ ಕಣ್ಣು ಬಿಟ್ಟ ಕೆಲವೇ ವಾರಗಳಲ್ಲಿ ಕುರಿಗಳ ಮಗ್ಗುಲಲ್ಲಿ ಮಲಗಿ, ಅವುಗಳ ವಾಸನೆ ಹೀರಿ ಬೆಳೆದರೆ ಅದಕ್ಕೆ ಹಿಂಡೇ ಸಂಸಾರವಾಗುತ್ತದೆ. ನಮ್ಮ ಹಟ್ಟಿಗಳಲ್ಲಿ ಹೆಣ್ಣುನಾಯಿ ಹಿಂಡಿನ ಬದಿಯಲ್ಲೇ ಮರಿ ಹಾಕುವುದರಿಂದ ಈ ಪಾಠ ಯಾರೂ ಕಲಿಸದೆ ನಡೆದುಹೋಗುತ್ತದೆ.

ಕುರಿಗಾರರ ದೈವಗಳ ಬಳಿಯೂ ನಾಯಿ ಇದೆ. ಮೈಲಾರಲಿಂಗನ ಒಕ್ಕಲಿನ ಗೊರವರು ದೋಣಿಸೇವೆಯ ಹೊತ್ತಿಗೆ ನಾಯಿಯಂತೆ ಬೊಗಳುತ್ತ ದೋಣಿ ಎಂಬ ಪಾತ್ರೆಯಲ್ಲಿನ ಪ್ರಸಾದ ಉಣ್ಣುತ್ತಾರೆ. ಸಂಕ್ರಾಂತಿಗೆ ಯಾದಗಿರಿ ಬಳಿಯ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಈ ಸೀಮೆಯ ಕುರಿಗಾರ ಮನೆತನಗಳು ಹೋಗುತ್ತವೆ. ದೇವರ ಪರಿವಾರದಲ್ಲಿ ನಾಯಿಗೆ ಜಾಗ ಕೊಟ್ಟ ಸಮುದಾಯ ಅದನ್ನು ಬರಿ ಕಾವಲಿನ ಸಾಧನವೆಂದು ನೋಡಿರಲಾರದು.

ಇನ್ನೊಂದು ಹಳೆಯ ನೆನಪು ಸೇಡಂ ತಾಲ್ಲೂಕಿಗೇ ನಂಟುಳ್ಳದ್ದು. ಕಾಗಿಣಾ ನದಿ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿಂದ ಆಳಿದ ಮೂರನೆಯ ಕೃಷ್ಣ ಕ್ರಿ.ಶ. 949ರ ಹೊತ್ತಿಗೆ ತಕ್ಕೋಲಂ ಯುದ್ಧದಲ್ಲಿ ಚೋಳರನ್ನು ಸೋಲಿಸಿದ. ಆ ಯುದ್ಧದಲ್ಲಿ ಅವನ ಪರ ಹೋರಾಡಿದ ಗಂಗರ ಬೂತುಗನ ಬಂಟ ಮಣಲೇರ. ಮೆಚ್ಚಿ ಏನು ಬೇಕೆಂದು ಒಡೆಯ ಕೇಳಿದಾಗ ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ; ನಾಯಿ–ಹಂದಿಯ ಹೋರಾಟವನ್ನು ಕಲ್ಲಿನ ಮೇಲೆ ಈಗಲೂ ನೋಡಬಹುದು. ಸಾವಿರ ವರ್ಷದ ಹಿಂದೆ ಕನ್ನಡ ನಾಡಿನಲ್ಲಿ ನಾಯಿಯ ನಿಷ್ಠೆಗೆ ಯಾವ ಬೆಲೆ ಇತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕರ್ನಾಟಕದ ಹೆಸರಾಂತ ತಳಿಯೆಂದರೆ ಮುಧೋಳ ನಾಯಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ಕಾರವಾನಿ ಎಂದೂ ಕರೆಯುತ್ತಾರೆ. ಬೇಡರು ಬೇಟೆಗೆ ಸಾಕಿಕೊಂಡು ಬಂದಿದ್ದ ಈ ನಾಯಿಯನ್ನು ಆರಿಸಿ, ಬೆಳೆಸಿ, ಹೊರಜಗತ್ತಿಗೆ ತೋರಿಸಿದವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ. 20ನೇ ಶತಮಾನದ ಆರಂಭದಲ್ಲಿ ಅವರು ಇಂಗ್ಲೆಂಡಿನ ಅರಸ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ನಾಯಿಯ ಚೀಟಿ ಹೊರತಂದಿತು. 2016ರಲ್ಲಿ ಭಾರತೀಯ ಸೇನೆ ಮುಧೋಳದ ಮರಿಗಳನ್ನು ಮೀರತ್‌ನ ತನ್ನ ಕೇಂದ್ರಕ್ಕೆ ಒಯ್ದು ತರಬೇತಿ ಕೊಟ್ಟಿತು. ಬೀದರಿನಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಶುದ್ಧ ತಳಿಯ ಮರಿ ಬೇಕೆನ್ನುವವರು ದಲ್ಲಾಳಿಗಳ ಕೈಗೆ ಬೀಳುವ ಮೊದಲು ಅಲ್ಲಿ ವಿಚಾರಿಸುವುದು ಲೇಸು.

ಮುಧೋಳದ ಗಂಡು ನಾಯಿ ಭುಜದ ಬಳಿ ಸುಮಾರು 70 ಸೆಂಟಿಮೀಟರ್ ಎತ್ತರ, ಹೆಣ್ಣು ಸ್ವಲ್ಪ ಕಡಿಮೆ. ಉದ್ದ ಮೂತಿ, ಆಳವಾದ ಎದೆಗೂಡು, ಒಳಸರಿದ ಹೊಟ್ಟೆ, ಮೈಗೆ ಅಂಟಿದಂಥ ಗಿಡ್ಡ ಕೂದಲು. ಎತ್ತರ ಇಷ್ಟಿದ್ದರೂ ತೂಕ 25 ಕೆ.ಜಿ. ಆಸುಪಾಸು ಮಾತ್ರ. ಓಡಲೆಂದೇ ಆದ ಮೈ ಅದು, ವಾಸನೆಗಿಂತ ಕಣ್ಣನ್ನು ನೆಚ್ಚುವ ನಾಯಿ. ಅಪರಿಚಿತರ ಕೈ ಮೈಮೇಲೆ ಬೀಳುವುದು ಅದಕ್ಕೆ ಸೇರದು; ಮನೆಯವರಲ್ಲಿ, ಅದರಲ್ಲೂ ಒಬ್ಬರಲ್ಲಿ, ಆಳವಾಗಿ ಅಂಟಿಕೊಳ್ಳುತ್ತದೆ. ಹೊಡೆದು ಬೈದು ಕಲಿಸಹೋದರೆ ಮುದುಡಿಕೊಳ್ಳುತ್ತದೆ. ಹೊಲದ ಮನೆಗೆ, ತೋಟಕ್ಕೆ ಇದು ಚೊಕ್ಕ ಕಾವಲುಗಾರ. ಆದರೆ ಓಡುವ ಪ್ರಾಣಿಯನ್ನು ಬೆನ್ನಟ್ಟುವುದು ಅದರ ಹುಟ್ಟುಗುಣ. ಚಿಕ್ಕಂದಿನಿಂದ ಕುರಿಗಳೊಂದಿಗೆ ಬೆಳೆಯದ ಕಾರವಾನಿಯನ್ನು ಒಮ್ಮೆಲೆ ಹಿಂಡಿನೊಳಗೆ ಬಿಟ್ಟರೆ ಅದು ಕುರಿಮರಿಯನ್ನೇ ಅಟ್ಟಿಸಿಕೊಂಡು ಹೋದೀತು. ಅದನ್ನು ಮೊಲ, ಜಿಂಕೆ, ಹಂದಿಗಳ ಮೇಲೆ ಬಿಟ್ಟು ಬೇಟೆಯಾಡುವುದು ಇಂದು ಕಾನೂನಿಗೆ ವಿರುದ್ಧ ಎಂಬುದನ್ನೂ ಸಾಕುವವರು ನೆನಪಿಡಬೇಕು.

ಊರೊಳಗೆ ಕಾವಲೆಂದರೆ ಜನರ ಮನಸ್ಸು ಮೊದಲು ಹೋಗುವುದು ಜರ್ಮನ್ ಶೆಫರ್ಡಿನ ಕಡೆಗೆ. ಜರ್ಮನಿಯ ಸೇನಾಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ರೂಪಿಸತೊಡಗಿದ ಈ ತಳಿ ಮೂಲದಲ್ಲಿ ಕುರಿಗಾರರದೇ. ಗಂಡು 60ರಿಂದ 65 ಸೆಂಟಿಮೀಟರ್ ಎತ್ತರ, 30ರಿಂದ 40 ಕೆ.ಜಿ. ತೂಕ. ಬೇಗ ಕಲಿಯುತ್ತದೆ, ಕಲಿತದ್ದನ್ನು ಮರೆಯುವುದಿಲ್ಲ, ಕೆಲಸವಿಲ್ಲದೆ ಕೂತರೆ ಕೆಡುತ್ತದೆ. ರಾಟ್‌ವೀಲರ್ ಇನ್ನೂ ಭಾರದ ನಾಯಿ, ಗಂಡು 50 ಕೆ.ಜಿ. ಮುಟ್ಟುತ್ತದೆ; ಜರ್ಮನಿಯ ರಾಟ್‌ವೈಲ್ ಪಟ್ಟಣದ ದನ ಹೊಡೆಯುವವರ ಮತ್ತು ಕಸಾಯಿಗಳ ನಾಯಿಯಾಗಿದ್ದದ್ದು. ಗ್ರೇಟ್ ಡೇನ್ ಎತ್ತರದಲ್ಲಿ ಇವನ್ನೆಲ್ಲ ಮೀರಿಸುತ್ತದೆ, ಆದರೆ ಎಂಟೊಂಬತ್ತು ವರ್ಷ ಬದುಕಿದರೆ ಹೆಚ್ಚು. ಟಿಬೆಟಿನ ಮಾಸ್ಟಿಫ್, ಕಾಕೇಷಿಯನ್ ಶೆಫರ್ಡ್‌ಗಳಂಥ ದಟ್ಟ ಕೂದಲಿನ ಹಿಮನಾಡಿನ ನಾಯಿಗಳನ್ನು ಕಲಬುರಗಿ ಸೀಮೆಗೆ ತರುವುದು, ಎಷ್ಟೇ ಹಣವಿದ್ದರೂ, ಆ ಪ್ರಾಣಿಗೆ ಮಾಡುವ ಅನ್ಯಾಯ.

ಕೆಲವು ದೊಡ್ಡ ತಳಿಗಳ ಬಗ್ಗೆ ಕಾನೂನಿನ ಚರ್ಚೆಯೂ ನಡೆದಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್, ಪಿಟ್‌ಬುಲ್, ಮಾಸ್ಟಿಫ್ ಮುಂತಾದ 23 ಬಗೆಯ ನಾಯಿಗಳ ಮಾರಾಟ, ಸಾಕಣೆಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಹಾಗೆಂದು ಸಾಕುವವರ ಹೊಣೆ ತಪ್ಪಲಿಲ್ಲ. ತನ್ನ ಸುಪರ್ದಿನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಅಪರಾಧ.

ಇನ್ನು ಆರೈಕೆ. ಇಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಬಿಸಿಲು. ಏಪ್ರಿಲ್–ಮೇ ತಿಂಗಳಲ್ಲಿ ಈ ಭಾಗದ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಮನುಷ್ಯನಂತೆ ನಾಯಿ ಮೈಯೆಲ್ಲ ಬೆವರುವುದಿಲ್ಲ. ಬೆವರು ಗ್ರಂಥಿಗಳು ಕೆಲಸ ಮಾಡುವುದು ಅಂಗಾಲಿನಲ್ಲಿ ಮಾತ್ರ. ಒಳಗಿನ ಕಾವು ಹೊರಹೋಗಲು ಅದಕ್ಕಿರುವ ಮುಖ್ಯ ದಾರಿ ನಾಲಗೆ ಚಾಚಿ ಏದುವುದು. ಸುತ್ತಲಿನ ಗಾಳಿಯೇ ನಾಯಿಯ ಮೈಗಿಂತ ಬಿಸಿಯಾದಾಗ ಏದಾಟದಿಂದ ಸಿಗುವ ತಂಪು ಸಾಲದಾಗುತ್ತದೆ. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ. ಅದು 41 ದಾಟಿದರೆ ಮಿದುಳು, ಮೂತ್ರಪಿಂಡ, ಕರುಳು ಒಂದೊಂದಾಗಿ ಕೆಡತೊಡಗುತ್ತವೆ. ಮೈ ದೊಡ್ಡದಾದಷ್ಟೂ, ಮೂತಿ ಗಿಡ್ಡವಾದಷ್ಟೂ, ಬೊಜ್ಜು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಬುಲ್ ಮಾಸ್ಟಿಫ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಮೇ ತಿಂಗಳ ಒಂದು ಮಧ್ಯಾಹ್ನವೇ ಸಾಕು.

ಶಹಾಬಾದ್, ವಾಡಿ, ಚಿತ್ತಾಪುರಗಳಲ್ಲಿ ಬಿಸಿಲಿಗೆ ಫರ್ಸಿ ಎಂಬ ಹಾಸುಗಲ್ಲೂ ಸೇರಿಕೊಳ್ಳುತ್ತದೆ. ಅಂಗಳಕ್ಕೆ ಫರ್ಸಿ, ಗೋಡೆಗೆ ಫರ್ಸಿ, ಕೆಲವು ಮನೆಗಳಲ್ಲಿ ಮಾಡಿಗೂ ಫರ್ಸಿ. ಹಗಲಿಡೀ ಬಿಸಿಲು ಕುಡಿದ ಕಲ್ಲು ರಾತ್ರಿ ಬಹಳ ಹೊತ್ತಿನವರೆಗೆ ಕಾವು ಬಿಡುತ್ತದೆ. ಮಧ್ಯಾಹ್ನ ಅಂಥ ಕಲ್ಲಿನ ಮೇಲೆ ನಡೆದ ನಾಯಿಯ ಅಂಗಾಲು ಸುಟ್ಟು ಬೊಬ್ಬೆ ಬರುತ್ತದೆ. ಪರೀಕ್ಷೆ ಸುಲಭ: ಕೈಯ ಹಿಂಭಾಗವನ್ನು ಕಲ್ಲಿನ ಮೇಲೆ ಐದಾರು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಅದು ನಾಯಿ ನಡೆಯುವ ನೆಲವಲ್ಲ. ತಿರುಗಾಟ ಬೆಳಗಿನ ಏಳರ ಒಳಗೆ ಮುಗಿಯಬೇಕು, ಸಂಜೆಯದು ಕಲ್ಲು ಆರಿದ ಮೇಲೆ. ತಗಡಿನ ಗೂಡು ಬೇಡವೇ ಬೇಡ. ಬೇವಿನ ಮರದ ನೆರಳು, ಮಣ್ಣಿನ ನೆಲ, ಎರಡೂ ಕಡೆ ಗಾಳಿಯಾಡುವ ಜೋಪಡಿ, ಮೇಲೆ ತೊಗರಿ ಕಟ್ಟಿಗೆ ಅಥವಾ ಜೋಳದ ಕಣಿಕೆಯ ಹೊದಿಕೆ, ಇಷ್ಟಿದ್ದರೆ ಸಾಕು. ಜರ್ಮನ್ ಶೆಫರ್ಡ್‌ನಂಥ ಎರಡು ಪದರ ಕೂದಲಿನ ನಾಯಿಯನ್ನು ಬೇಸಿಗೆಗೆಂದು ಬೋಳಿಸುವುದು ತಪ್ಪು. ಹೊರಪದರ ಬಿಸಿಲನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ. ವಾರಕ್ಕೆರಡು ಮೂರು ಬಾರಿ ಬಾಚಿ ಉದುರುಗೂದಲು ತೆಗೆದರೆ ಗಾಳಿ ಚರ್ಮ ಮುಟ್ಟುತ್ತದೆ.

ನೀರಿನ ವಿಷಯದಲ್ಲಿ ಜಿಪುಣತನ ನಡೆಯದು. 40 ಕೆ.ಜಿ. ನಾಯಿಗೆ ಸಾಧಾರಣ ದಿನದಲ್ಲೇ ಎರಡು ಲೀಟರಿಗೂ ಮೇಲೆ ನೀರು ಬೇಕು, ಬೇಸಿಗೆಯಲ್ಲಿ ಅದು ಇಮ್ಮಡಿಯಾಗಬಹುದು. ಸ್ಟೀಲಿನ ಬಟ್ಟಲಿಗಿಂತ ಅಗಲ ಬಾಯಿಯ ಮಣ್ಣಿನ ಪಾತ್ರೆ ಒಳ್ಳೆಯದು, ನೀರು ತಂಪಾಗಿರುತ್ತದೆ, ನಾಯಿ ಕೆಡವುವುದೂ ಕಡಿಮೆ. ವಿಪರೀತ ಏದುವುದು, ಅಂಟು ಜೊಲ್ಲು, ಒಸಡು ಕಡುಗೆಂಪಾಗುವುದು, ತೂರಾಡುವುದು, ವಾಂತಿ ಇವೆಲ್ಲ ಬಿಸಿಲಾಘಾತದ ಗುರುತು. ಆಗ ನಾಯಿಯನ್ನು ನೆರಳಿಗೆ ತಂದು ಸಾದಾ ನೀರಿನಿಂದ ಮೈಯೆಲ್ಲ, ಅದರಲ್ಲೂ ಹೊಟ್ಟೆ ಮತ್ತು ತೊಡೆಸಂದು, ತೋಯಿಸಿ ಗಾಳಿ ಹಾಕಬೇಕು. ಮೊದಲು ತಂಪು ಮಾಡುವುದು, ಆಮೇಲೆ ಆಸ್ಪತ್ರೆಗೆ ಒಯ್ಯುವುದು. ಒದ್ದೆ ಟವಲನ್ನು ಮೈಮೇಲೆ ಹೊದಿಸಿಯೇ ಬಿಟ್ಟರೆ ಕಾವು ಒಳಗೇ ಉಳಿಯುತ್ತದೆ. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರು ಹಾಕಬಾರದು.

ಬಿಸಿಲಿನಷ್ಟೇ ಕೇಡು ಮಾಡುವುದು ಸರಪಳಿ. ಹಗಲು ರಾತ್ರಿ ಗೇಟಿನ ಬಳಿ ಕಟ್ಟಿಹಾಕಿದರೆ ನಾಯಿ ಜೋರಾಗುತ್ತದೆ ಎಂಬುದು ನಮ್ಮೂರುಗಳಲ್ಲಿ ಬೇರೂರಿದ ನಂಬಿಕೆ. ಕಟ್ಟಿದ ನಾಯಿ ನಿಜಕ್ಕೂ ಆಕ್ರಮಣಕಾರಿಯಾಗುತ್ತದೆ. ಆದರೆ ಅದರ ಸಿಟ್ಟಿಗೆ ಕಳ್ಳ ಯಾರು, ನೆರೆಮನೆಯ ಮಗು ಯಾರು ಎಂಬ ಭೇದವಿಲ್ಲ. ಓಡಿಹೋಗಲಾಗದ ಪ್ರಾಣಿಗೆ ಎದುರಿನ ಪ್ರತಿಯೊಂದೂ ಬೆದರಿಕೆಯೇ. ಮೇಲಾಗಿ ಸರಪಳಿಯ ಉದ್ದದ ಆಚೆ ನಡೆಯುವ ಕಳವನ್ನು ಅದು ತಡೆಯುವುದೂ ಇಲ್ಲ. ನಿಷ್ಠೆ ಹುಟ್ಟುವುದು ಒಡನಾಟದಲ್ಲಿ. ಮನೆಯವರ ನಡೆನುಡಿ, ಬಂದುಹೋಗುವವರ ರೀತಿ, ದಿನದ ಸದ್ದುಗಳು ಇವೆಲ್ಲ ಗೊತ್ತಿದ್ದಾಗ ಮಾತ್ರ ನಾಯಿಗೆ ಯಾವುದು ಹೊಸದು ಎಂದು ತಿಳಿಯುತ್ತದೆ. ಹಗಲು ನೆರಳಲ್ಲಿ ಮನೆಯವರ ಕಣ್ಣೆದುರು ಮಲಗಿ, ರಾತ್ರಿ ಕಂಪೌಂಡಿನೊಳಗೆ ಬಿಡುಗಡೆಯಾಗಿ ಓಡಾಡುವ ನಾಯಿ ಒಳ್ಳೆಯ ಕಾವಲುಗಾರನಾಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ನಾಯಿಯನ್ನು ವಿಪರೀತ ಹೊತ್ತು ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಕಟ್ಟುವುದು, ಸದಾ ಕಟ್ಟಿದ ನಾಯಿಗೆ ವ್ಯಾಯಾಮ ಕೊಡದಿರುವುದು ಅಪರಾಧ. ಕಟ್ಟಲೇಬೇಕಾದ ಹೊತ್ತಿನಲ್ಲಿ ಅಗಲ ಪಟ್ಟಿ, ಉದ್ದನೆಯ ಹಗ್ಗ ಬಳಸಬಹುದು.

ಒಳ್ಳೆಯ ಕಾವಲುಗಾರ ಸಿದ್ಧವಾಗುವುದು ಮರಿಯ ಮೊದಲ ಮೂರು ತಿಂಗಳಲ್ಲಿ. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬಾರದು. ಬೇಗ ಬಿಡಿಸಿದ ಮರಿ ಕಚ್ಚುವ ಮಿತಿಯನ್ನು ಒಡಹುಟ್ಟಿದವುಗಳಿಂದ ಕಲಿತಿರುವುದಿಲ್ಲ. ಮರಿ ಆರಿಸುವಾಗ ತಾಯಿಯನ್ನು ನೋಡಲು ಸಿಗಬೇಕು. ತಾಯಿ ಹೆದರುಪುಕ್ಕಲಾಗಿದ್ದರೆ ಅಥವಾ ವಿನಾಕಾರಣ ಮೇಲೆ ಬೀಳುವಂತಿದ್ದರೆ ಆ ಮರಿ ಬೇಡ. ಮೂರರಿಂದ ಹನ್ನೆರಡು–ಹದಿನಾಲ್ಕು ವಾರದ ಅವಧಿಯಲ್ಲಿ ಮರಿ ಕಂಡು ಕೇಳಿದ್ದೆಲ್ಲ ಅದಕ್ಕೆ ಜೀವನಪರ್ಯಂತ ಸಹಜವಾಗುತ್ತದೆ. ಮಕ್ಕಳ ಕೂಗು, ಟ್ರ್ಯಾಕ್ಟರ್, ಗಣಿಯ ಸಿಡಿತದ ಸದ್ದು, ರೈಲು, ಬುರ್ಖಾ, ಹೆಲ್ಮೆಟ್, ಕೋಲು ಹಿಡಿದ ಮುದುಕರು, ದನಕರು, ಬೆಕ್ಕು ಎಲ್ಲವನ್ನೂ ಆಗ ಹೆದರಿಕೆಯಿಲ್ಲದೆ ಪರಿಚಯಿಸಬೇಕು. ಎಲ್ಲರ ಪರಿಚಯವಾದರೆ ಕಾವಲು ಕೆಡುತ್ತದೆ ಎಂಬ ಅಂಜಿಕೆ ಬೇಡ. ಕಾಯುವ ಪ್ರವೃತ್ತಿ ಒಂದು–ಒಂದೂವರೆ ವರ್ಷಕ್ಕೆ ತಾನಾಗಿ ಬಲಿಯುತ್ತದೆ. ಅದನ್ನು ಕೆರಳಿಸಲು ಮರಿಯನ್ನು ಛೂ ಬಿಡುವುದು, ಕೋಲಿನಿಂದ ರೇಗಿಸುವುದು ಮುಂದೆ ಮನೆಯವರ ಮೇಲೇ ತಿರುಗುತ್ತದೆ. ಬಾ, ಕೂಡು, ಬಿಡು, ಸಾಕು ಎಂಬ ನಾಲ್ಕು ಮಾತನ್ನು ಮನೆಯ ಎಲ್ಲರೂ ಒಂದೇ ರೀತಿ ಹೇಳಿ, ಪಾಲಿಸಿದಾಗ ತಿನಿಸು ಕೊಟ್ಟು ಕಲಿಸಿದರೆ ಸಾಕಾಗುತ್ತದೆ. ನಾಯಿ ಎಷ್ಟೇ ಸಾಧುವಾಗಿರಲಿ, ಚಿಕ್ಕ ಮಕ್ಕಳನ್ನು ಅದರೊಂದಿಗೆ ಒಂಟಿಯಾಗಿ ಬಿಡಬಾರದು.

ಆಹಾರದಲ್ಲಿ ಎರಡು ಅತಿಗಳು ಕಾಣುತ್ತವೆ. ಹಳ್ಳಿಯಲ್ಲಿ ಬರಿ ರೊಟ್ಟಿ, ಮಜ್ಜಿಗೆ. ಪಟ್ಟಣದಲ್ಲಿ ದುಬಾರಿ ಪೊಟ್ಟಣದ ಕಾಳಿನೊಂದಿಗೆ ಮತ್ತೂ ಕ್ಯಾಲ್ಸಿಯಂ ಔಷಧ. ಮನುಷ್ಯನೊಂದಿಗೆ ಸಾವಿರಾರು ವರ್ಷ ಬಾಳಿದ ನಾಯಿ ತೋಳಕ್ಕಿಂತ ಚೆನ್ನಾಗಿ ಪಿಷ್ಟವನ್ನು ಅರಗಿಸಿಕೊಳ್ಳಬಲ್ಲದು, ಹಾಗಾಗಿ ಜೋಳದ ರೊಟ್ಟಿ, ನುಚ್ಚು ಅದಕ್ಕೆ ಕೆಟ್ಟದ್ದಲ್ಲ. ಆದರೆ ಜೊತೆಗೆ ಮೊಟ್ಟೆ, ಬೇಯಿಸಿದ ಕೋಳಿ ಅಥವಾ ಮೀನು, ಬೇಳೆ ಇರಲೇಬೇಕು. ದೊಡ್ಡ ತಳಿಯ ಮರಿಗೆ ವಿಪರೀತ ತಿನ್ನಿಸಿ ದಪ್ಪ ಮಾಡುವುದು ಮತ್ತು ವೈದ್ಯರು ಹೇಳದೆ ಕ್ಯಾಲ್ಸಿಯಂ ಕೊಡುವುದು ಎಲುಬುಗಳನ್ನು ಕೆಡಿಸುತ್ತದೆ. ನಿಧಾನವಾಗಿ ಬೆಳೆದ ಮರಿಯ ಕೀಲು ಗಟ್ಟಿಯಾಗಿರುತ್ತದೆ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಎಲುಬು ಚೂರಾಗಿ ಕರುಳು ಸೀಳುತ್ತದೆ.

ಆಳವಾದ ಎದೆಯ ದೊಡ್ಡ ನಾಯಿಗಳಿಗೆ ಒಂದು ವಿಶೇಷ ಗಂಡಾಂತರವಿದೆ: ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವುದು. ದಿನಕ್ಕೊಮ್ಮೆ ರಾಶಿ ಅನ್ನ ಹಾಕುವುದು, ಉಂಡ ಕೂಡಲೇ ಓಡಿಸುವುದು ಇದಕ್ಕೆ ದಾರಿ ಮಾಡಿಕೊಡುತ್ತದೆ. ಊಟವನ್ನು ಎರಡು ಹೊತ್ತಿಗೆ ಹಂಚಿ, ಆಮೇಲೆ ಒಂದು ತಾಸಾದರೂ ವಿಶ್ರಾಂತಿ ಕೊಡಬೇಕು. ಹೊಟ್ಟೆ ಉಬ್ಬಿ, ವಾಂತಿಗೆ ಯತ್ನಿಸಿದರೂ ಏನೂ ಬಾರದೆ, ನಿಂತಲ್ಲಿ ನಿಲ್ಲದೆ ಚಡಪಡಿಸುವ ನಾಯಿಯನ್ನು ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಸಾಗಿಸಬೇಕು. ಶಸ್ತ್ರಕ್ರಿಯೆಗೆ ಇರುವುದು ಕೆಲವೇ ತಾಸು. ಚಿಂಚೋಳಿ ಕಡೆಯವರಿಗೆ ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ತೀರ ದೂರವಲ್ಲ.

ನುಣುಪು ಫರ್ಸಿ ನೆಲ ಕೀಲುಗಳಿಗೆ ಶತ್ರು. ಭಾರದ ಮರಿ ದಿನವಿಡೀ ಜಾರುತ್ತ ಬೆಳೆದರೆ ಸೊಂಟದ ಕೀಲಿನ ದೋಷ ಉಲ್ಬಣಗೊಳ್ಳುತ್ತದೆ. ಜರ್ಮನ್ ಶೆಫರ್ಡ್‌ನಲ್ಲಿ ಇದು ವಂಶದಲ್ಲೇ ಹರಿದುಬರುವ ತೊಂದರೆ. ನಡೆದಾಡುವ ಕಡೆ ಗೋಣಿತಟ್ಟು, ಮಲಗಲು ಹಳೆಯ ಕೌದಿ ಹಾಸಿದರೆ ಮರಿಗೂ ಮುದಿ ನಾಯಿಗೂ ಉಪಕಾರ. ಕೌದಿಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಬೇಕು.

ಕಲ್ಲುಗೋಡೆಯ ಊರುಗಳಲ್ಲಿ ಉಣ್ಣಿಯ ಕಾಟ ಹೆಚ್ಚು. ನಾಯಿಗೆ ಹತ್ತುವ ಕಂದು ಉಣ್ಣಿ ತನ್ನ ಬದುಕಿನ ಬಹುಭಾಗವನ್ನು ಕಳೆಯುವುದು ಗೋಡೆಯ ಸಂದುಗಳಲ್ಲಿ, ಫರ್ಸಿಯ ಬಿರುಕುಗಳಲ್ಲಿ. ಅಲ್ಲೇ ಮೊಟ್ಟೆ ಇಡುತ್ತದೆ, ಅಲ್ಲೇ ಪೊರೆ ಬಿಡುತ್ತದೆ. ಹಾಗಾಗಿ ನಾಯಿಯ ಮೈಗಷ್ಟೇ ಔಷಧ ಹಾಕಿದರೆ ಪ್ರಯೋಜನವಿಲ್ಲ. ಸಂದು ಮುಚ್ಚಿ, ನಾಯಿ ಮಲಗುವ ಜಾಗಕ್ಕೂ ಔಷಧ ಸಿಂಪಡಿಸಬೇಕು. ಈ ಉಣ್ಣಿ ಹರಡುವ ಎರ್ಲಿಕಿಯಾ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ಸೊರಗುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಬೇಗ ಗುರುತಿಸಿದರೆ ವಾಸಿಯಾಗುವ ಕಾಯಿಲೆ ಇದು. ಕುರಿಗೆಂದು ಮನೆಯಲ್ಲಿಟ್ಟ ಔಷಧವನ್ನು ನಾಯಿಗೂ ಅಂದಾಜಿನ ಮೇಲೆ ಕೊಡುವುದು ಹಟ್ಟಿಗಳಲ್ಲಿ ಆಗುವ ದೊಡ್ಡ ತಪ್ಪು. ಕುರಿಯ ಐವರ್ಮೆಕ್ಟಿನ್ ಪ್ರಮಾಣ ಕೆಲವು ತಳಿಗಳ ಮಿದುಳಿಗೆ ಏಟು ಕೊಡುತ್ತದೆ. ಮುಧೋಳದಂಥ ಕೊಬ್ಬಿಲ್ಲದ ಓಟದ ನಾಯಿಗಳು ಕೆಲವು ಅರಿವಳಿಕೆ ಔಷಧಗಳಿಂದ ಬಹಳ ನಿಧಾನವಾಗಿ ಎಚ್ಚರಗೊಳ್ಳುತ್ತವೆ, ಶಸ್ತ್ರಕ್ರಿಯೆಗೆ ಮುನ್ನ ತಳಿಯನ್ನು ವೈದ್ಯರಿಗೆ ತಿಳಿಸಬೇಕು.

ಹಿಂಡಿನ ನಾಯಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ಮನುಷ್ಯರ ಆರೋಗ್ಯದ್ದು. ಸತ್ತ ಅಥವಾ ಕೊಯ್ದ ಕುರಿಯ ಹಸಿ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ನಾಯಿಗೆ ಎಸೆದಾಗ ಅದರ ಹೊಟ್ಟೆಯಲ್ಲಿ ಒಂದು ಬಗೆಯ ಲಾಡಿಹುಳು ಬೆಳೆಯಬಹುದು. ನಾಯಿಯ ಮಲದ ಮೂಲಕ ಹೊರಬೀಳುವ ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಪಿತ್ತಜನಕಾಂಗದಲ್ಲಿ ನೀರಿನ ಗಂಟು ಕಟ್ಟುತ್ತದೆ, ಕೆಲವೊಮ್ಮೆ ಅದನ್ನು ಶಸ್ತ್ರಕ್ರಿಯೆಯಿಂದಲೇ ತೆಗೆಯಬೇಕಾಗುತ್ತದೆ. ಒಳಾಂಗಗಳನ್ನು ಬೇಯಿಸದೆ ಹಾಕಬಾರದು, ಬೇಡವಾದದ್ದನ್ನು ಆಳವಾಗಿ ಹೂಳಬೇಕು. ನಾಯಿಗೆ ಜಂತುಹುಳದ ಔಷಧ ಮರಿಯಿದ್ದಾಗ ಎರಡು ವಾರಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ವೈದ್ಯರು ಹೇಳಿದ ಅಂತರದಲ್ಲಿ.

ಲಸಿಕೆ ಆರರಿಂದ ಎಂಟು ವಾರದಲ್ಲಿ ಶುರುವಾಗುತ್ತದೆ. ಪಾರ್ವೊ, ಡಿಸ್ಟೆಂಪರ್ ಲಸಿಕೆಗಳನ್ನು ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಕೊಡಿಸಬೇಕು. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಹಾಗಾಗಿ ಒಂದು ಮರಿ ಅದರಿಂದ ಸತ್ತ ಅಂಗಳಕ್ಕೆ ಲಸಿಕೆಯಾಗದ ಇನ್ನೊಂದು ಮರಿಯನ್ನು ತರಬಾರದು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷವರ್ಷವೂ. ನಾಯಿ ಕಚ್ಚಿದ ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚುವುದು ಜೀವಕ್ಕೆ ಅಪಾಯ, ಏಕೆಂದರೆ ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯಕ್ಕೆ ಸಮ. ಚಿಂಚೋಳಿ ಅರಣ್ಯದಂಚಿನ ನಾಯಿಗಳಿಗೆ ಲಸಿಕೆ ಹಾಕಿಸಿದರೆ ತೋಳಕ್ಕೂ ರಕ್ಷಣೆ ಸಿಗುತ್ತದೆ. ಡಿಸ್ಟೆಂಪರ್, ರೇಬೀಸ್ ಎರಡೂ ನಾಯಿಯಿಂದ ಕಾಡುಪ್ರಾಣಿಗೆ ದಾಟಬಲ್ಲವು. 

ಮರಿ ಬೇಡವಾದರೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದು ಒಳ್ಳೆಯದು, ದೊಡ್ಡ ತಳಿಗಳಲ್ಲಿ ಮೈ ಪೂರ್ತಿ ಬೆಳೆದ ನಂತರ. ಹುಟ್ಟಿದ ಮರಿಗಳನ್ನು ಊರ ಹೊರಗೆ, ರೈಲು ಹಳಿಯ ಪಕ್ಕ ಬಿಟ್ಟುಬರುವುದು ಕ್ರೌರ್ಯ. ಕಾವಲಿಗೆಂದು ತಂದ ನಾಯಿ ಮುದಿಯಾದಾಗ ಅದನ್ನು ಹೊರಗಟ್ಟುವುದೂ ಅಷ್ಟೇ.

ಮುಧೋಳ ಮತ್ತು ನಾಡನಾಯಿ ಚೆನ್ನಾಗಿ ನೋಡಿಕೊಂಡರೆ ಹನ್ನೆರಡು ವರ್ಷಕ್ಕೂ ಮೇಲೆ ಬದುಕುತ್ತವೆ, ಜರ್ಮನ್ ಶೆಫರ್ಡ್ ಹತ್ತರ ಆಸುಪಾಸು. ಏಳೆಂಟು ವರ್ಷದ ನಂತರ ಮೆಟ್ಟಿಲು ಹತ್ತಲು ಹಿಂಜರಿಯುವುದು, ರಾತ್ರಿಯ ಸದ್ದಿಗೆ ತಡವಾಗಿ ಏಳುವುದು, ಹಲ್ಲು ಕೆಡುವುದು ಶುರುವಾಗುತ್ತದೆ. ಆಗ ಊಟ ಮೆತ್ತಗಿರಬೇಕು, ತೂಕ ಹಿಡಿತದಲ್ಲಿರಬೇಕು, ತಿರುಗಾಟ ಗಿಡ್ಡವಾದರೂ ತಪ್ಪಬಾರದು. ಅನುಭವಿ ಕುರಿಗಾರರು ಹೊಸ ಮರಿಯನ್ನು ಈ ಹೊತ್ತಿಗೇ ಹಿಂಡಿಗೆ ಸೇರಿಸುತ್ತಾರೆ. ಹಳೆಯ ನಾಯಿ ಎಲ್ಲಿ ಸುತ್ತುತ್ತದೆ, ಯಾವ ಸದ್ದಿಗೆ ಏಳುತ್ತದೆ, ಯಾವುದನ್ನು ಕಂಡೂ ಸುಮ್ಮನಿರುತ್ತದೆ ಎಂಬುದನ್ನು ಮರಿ ನೋಡಿಯೇ ಕಲಿಯುತ್ತದೆ. ಮನೆಯ ಕಾವಲಿಗೂ ಇದೇ ಕ್ರಮ ಒಗ್ಗುತ್ತದೆ, ಎರಡಕ್ಕೂ ಬೇರೆ ಬೇರೆ ಬಟ್ಟಲು, ಬೇರೆ ಬೇರೆ ಹಾಸಿಗೆ ಇದ್ದರೆ.